ಉಂಡೆಯ ಉಸಿರು

ಹಾವು ಉಸಿರನ್ನು ಒಳಗೆ ಎಳೆದುಕೊಳ್ಳುವಾಗಲೂ ಸದ್ದು ಮಾಡುತ್ತದೆಯೇ?

ಬೆಳಿಗ್ಗೆ ಉರ್ಸುಲಾ ಕೇಳಿದ ಪ್ರಶ್ನೆ ಇದು. ಆಸ್ಪತ್ರೆಯ ಡ್ಯೂಟಿಗೆ ಹೊರಡುವ ಅವಸರದಲ್ಲಿ, ಬೂಟಿನ ಲೇಸು ಕಟ್ಟುತ್ತಾ, ಗಂಡ ಕ್ಯಾಮಿಲಸ್‌ನ ಮುಖವನ್ನೂ ನೋಡದೆ ಕೇಳಿದ್ದಳು. ದುಬೈಯಿಂದ ಅಬುಧಾಬಿಯವರೆಗೂ ಆ ಪ್ರಶ್ನೆ ಅವನ ಪಕ್ಕದ ಸೀಟಿನಲ್ಲಿ ಕುಳಿತೇ ಬಂದಿತ್ತು.

ಅಲ್ ಮೀನಾದ ಕಾರ್ಪೆಟ್ ಮಾರ್ಕೆಟ್ಟಿನ ಎದುರು ಕಾರು ನಿಲ್ಲಿಸಿ, ಎಸಿ ಆರಿಸದೆ, ಅವನು ಮತ್ತೊಮ್ಮೆ ಫೋನನ್ನು ಕಿವಿಗೆ ಹಿಡಿದ.

ಸರ್ವೋತ್ತಮ ಬಂಗೇರ ಸಾಯುವ ಮುಂಚೆ ಕಳಿಸಿದ ವಾಯ್ಸ್ ಮೆಸೇಜ್. ಮಾತಿಲ್ಲ, ಬರೇ ಸದ್ದು. ಸುಂಯ್ ಎಂದು ಎದ್ದು, ಒಂದು ಕ್ಷಣ ತಡೆದು, ಮತ್ತೆ ಸುಂಯ್. ಅದು ಬಂದದ್ದು ಅವನ ಗೋದಾಮಿನಲ್ಲಿ ಕೆಲಸಕ್ಕಿದ್ದ ಸ್ಟೀಫನ್‌ಗೆ. ಜೇಬಿನಲ್ಲಿ ಬಟನ್ ಒತ್ತಿ ಹೋಗಿರಬೇಕು ಎಂದುಕೊಂಡು ಸ್ಟೀಫನ್ ಸುಮ್ಮನಿದ್ದ. ಸಾವಿನ ಸುದ್ದಿ ಬಂದ ಮೇಲೆ ಎಲ್ಲರಿಗೂ ಕೇಳಿಸಿದ. ಸರ್ವೋತ್ತಮನ ಫ್ಲ್ಯಾಟಿದ್ದ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಅದನ್ನು ಕೇಳದ ಮಂಗಳೂರಿನವರು ಈಗ ಇರಲಿಕ್ಕಿಲ್ಲ. ಕೇಳಿದವರೆಲ್ಲ ಹೇಳಿದ್ದು ಒಂದೇ. ಹಾವು ಬುಸುಗುಟ್ಟಿದ ಸದ್ದು.

ಕತೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಆ ಶುಕ್ರವಾರ ಸರ್ವೋತ್ತಮನ ಹೆಂಡತಿ ಹರಿಣಾಕ್ಷಿ ಮಗಳು ಅಶ್ಮಿತಾಳನ್ನು ಕರೆದುಕೊಂಡು ಅಬುಧಾಬಿಯ ಅಕ್ಕನ ಮನೆಗೆ ಹೋಗಿದ್ದಳು. ಅವರ ಜೊತೆಗೇ ಇದ್ದ ಅವಳ ತಮ್ಮ ಶ್ರವಣ್ ಗೆಳೆಯರೊಂದಿಗೆ ರಾಸ್ ಅಲ್ ಖೈಮಾಕ್ಕೆ ಹೋಗಿದ್ದ. ಫ್ಲ್ಯಾಟಿನಲ್ಲಿ ಇದ್ದದ್ದು ಸರ್ವೋತ್ತಮ, ಮತ್ತು ಶ್ರವಣ್ ತನ್ನ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಕದ್ದು ಸಾಕಿದ್ದ ಹೆಬ್ಬಾವು. ಶನಿವಾರ ಬೆಳಿಗ್ಗೆ ಶ್ರವಣ್ ಬಂದು ನೋಡಿದಾಗ ಭಾವ ಬೆಡ್‌ರೂಮಿನ ನೆಲದ ಮೇಲೆ ಸತ್ತು ಬಿದ್ದಿದ್ದ. ಹಾವಿನ ಪೆಟ್ಟಿಗೆ ಖಾಲಿಯಿತ್ತು.

ಸರ್ವೋತ್ತಮನಿಗೆ ಮೊದಲೇ ಹೃದಯದ ತೊಂದರೆಯಿತ್ತು. ಹಾವು ಮಂಚ ಹತ್ತಿತು, ಅವನು ಹೆದರಿದ, ಎದೆ ನಿಂತಿತು. ಹರಿಣಾಕ್ಷಿ ಬಂದವರಿಗೆಲ್ಲ ಇದನ್ನೇ ಹೇಳಿ ಅಳುತ್ತಿದ್ದಳು.

ಶ್ರವಣ್ ಮಾಡಿದ ಹುಚ್ಚು ಕೆಲಸವೆಂದರೆ ಆಂಬುಲೆನ್ಸ್‌ಗೆ ಫೋನ್ ಮಾಡುವ ಮೊದಲು ಹಾವನ್ನು ಸಾಗಿಸಿದ್ದು. ಇಂಥ ಪ್ರಾಣಿಗಳನ್ನು ಮನೆಯಲ್ಲಿ ಸಾಕಬಾರದೆಂದು ಈ ವರ್ಷವಷ್ಟೇ ಕಾನೂನು ಬಂದಿತ್ತು. ನಾಳೆ ಬೆಳಿಗ್ಗೆ ಅವನು ಠಾಣೆಗೆ ಹೋಗಿ ಹೇಳಿಕೆ ಕೊಡಬೇಕು. ಹಾವಿನಿಂದಲೇ ಸಾವು ಎಂದಾದರೆ ಅವನು ಮನೆಗೆ ಹಿಂತಿರುಗುವುದಿಲ್ಲ.

ಕ್ಯಾಮಿಲಸ್ ಪೊಲೀಸನಲ್ಲ. ಜುಮೇರಾ ಲೇಕ್ ಟವರ್ಸ್‌ನ ಒಂದು ವಿಮಾ ಕಂಪನಿಗೆ ಸಾವುಗಳನ್ನು ಪರಿಶೀಲಿಸಿ ವರದಿ ಕೊಡುವವನು. ಸತ್ತವರ ಮನೆಯ ಸೋಫಾದಲ್ಲಿ ಕುಳಿತು ಚಹಾ ಕುಡಿಯುವ ಈ ಕೆಲಸ ಅವನಿಗೆ ಸಾಕಾಗಿ ಎಷ್ಟೋ ಕಾಲವಾಗಿತ್ತು. ಆದರೆ ಠಾಣೆಯ ಅಧಿಕಾರಿ ಅವನ ವರದಿಯನ್ನೂ ಕೇಳಿದ್ದ.

ಕಾರಿನ ಗಾಜಿಗೆ ಯಾರೋ ಉಂಗುರದಿಂದ ತಟ್ಟಿದರು.

"ಎಂತ ಪೊರ್ಬುಗಳೇ, ಕಾರಿನಲ್ಲೇ ಕೂತು ಪಾಪನಿವೇದನೆಯಾ?"

ಕಾರ್ಪೆಟ್ ಅಂಗಡಿಯ ಮೊಯ್ದಿನಬ್ಬ. ಊರಿನ ಕ್ರಿಶ್ಚಿಯನ್ನರೆಲ್ಲ ಅವನಿಗೆ ಪೊರ್ಬುಗಳು, ಅವನು ಎಲ್ಲರಿಗೂ ಬ್ಯಾರಿಗಳು. ಬಿಳಿ ಗಡ್ಡ, ಕೊರಳಲ್ಲಿ ಅಳತೆಯ ಟೇಪು. ಹರಿಣಾಕ್ಷಿಯ ತಂದೆಗೂ ಅವನಿಗೂ ಊರಿನ ಸ್ನೇಹ. ಶ್ರವಣ್ ಬಚ್ಚಿಟ್ಟುಕೊಂಡದ್ದು ಅವನಲ್ಲಿಯೇ. ಕ್ಯಾಮಿಲಸ್‌ಗೆ ಫೋನ್ ಮಾಡಿ, ನೀವೇ ಬಂದು ಹುಡುಗನಿಗೆ ಬುದ್ಧಿ ಹೇಳಿ ಎಂದವನೂ ಅವನೇ.

"ಪಾಪ ಮಾಡಿದವರನ್ನು ನೀವು ಒಳಗೆ ಇಟ್ಕೊಂಡಿದ್ದೀರಂತಲ್ಲ ಬ್ಯಾರಿಗಳೇ."

"ಹುಡುಗ ಇರ್ಲಿ, ಬೇಕಾದ್ರೆ ವರ್ಷ ಇರ್ಲಿ. ಆ ಹಾವು ಮಾತ್ರ ಬೇಡ ಮಾರಾಯ್ರೇ. ಉಂಡೆ ಅಂತೆ ಅದರ ಹೆಸರು. ಗಿರಾಕಿಗೆ ಕಾರ್ಪೆಟ್ ತೋರಿಸುವಾಗ ಒಳಗೆ ಅದೇ ಇದ್ರೆ ಅಂತ ಗೇಣು ಗೇಣಾಗಿ ಬಿಚ್ತೇನೆ. ನಿನ್ನೆ ಒಬ್ಬಳು ಮೇಡಮ್ಮು, ಯಾಕೆ ಇಷ್ಟು ಭಯಭಕ್ತಿಯಿಂದ ಬಿಚ್ತೀರಿ ಅಂತ ಕೇಳಿದ್ಳು."

"ನೀವು ಎಂತ ಹೇಳಿದ್ರಿ?"

"ಇರಾನಿನ ಮಾಲು ಮೇಡಂ, ಮರ್ಯಾದೆ ಕೊಡ್ಬೇಕು ಅಂದೆ. ಯಲ್ಲಾ, ಬನ್ನಿ."

ಅಂಗಡಿಯ ಹಿಂದಿನ ಉಗ್ರಾಣದಲ್ಲಿ ಸುತ್ತಿಟ್ಟ ಕಾರ್ಪೆಟ್‌ಗಳು ಕಂಬಗಳಂತೆ ನಿಂತಿದ್ದವು. ಉಣ್ಣೆಯ ಧೂಳು. ಅವುಗಳ ನಡುವೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಶ್ರವಣ್ ಕುಳಿತಿದ್ದ. ಆಫೀಸಿನ ಅಂಗಿಯಲ್ಲೇ ಇದ್ದ. ಕಾಲರ್ ಮಾಸಿತ್ತು. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ, ಯಾರ ಕಣ್ಣಿಗೂ ಬೀಳದಂತೆ ಬದುಕಲು ಕಲಿತ ಹುಡುಗನ ಮುಖ.

"ಪೊಲೀಸರು ಬಂದಿದ್ದಾರಾ ಸರ್?"

"ಒಬ್ಬನೇ ಬಂದೆ. ನನಗೆ ಒಬ್ಬನೇ ಬರ್ಲಿಕ್ಕೇ ಸುಸ್ತು."

ಶ್ರವಣ್ ನಗಲಿಲ್ಲ. ಮೊಯ್ದಿನಬ್ಬ ಚಹಾ ತರುತ್ತೇನೆಂದು ಹೊರಗೆ ಹೋದ. ಹಾವಿದ್ದ ಕೋಣೆಯಿಂದ ತಪ್ಪಿಸಿಕೊಳ್ಳಲು ಅವನಿಗೆ ಅದೊಂದು ನೆಪವಾಗಿತ್ತು.

"ತೋರಿಸು ಅದನ್ನು."

ಮೀನು ಮಾರ್ಕೆಟ್ಟಿನ ಥರ್ಮೋಕೋಲ್ ಪೆಟ್ಟಿಗೆ. ಮುಚ್ಚಳದಲ್ಲಿ ತೂತುಗಳು. ಶ್ರವಣ್ ಅದನ್ನು ತೆಗೆದು, ಒಳಗಿದ್ದ ದಿಂಬಿನ ಚೀಲದ ಬಾಯಿ ಬಿಡಿಸಿದ. ಕಂದು ಮೈ, ಅದರ ಮೇಲೆ ಅರಿಶಿನದ ಬಣ್ಣದ ಮಚ್ಚೆಗಳು. ಮುಂಗೈಯಷ್ಟು ದಪ್ಪ. ನೆಟ್ಟಗೆ ನಿಲ್ಲಿಸಿದರೆ ಕ್ಯಾಮಿಲಸ್‌ನ ಎದೆಯ ತನಕ ಬರಬಹುದು.

"ಇಷ್ಟೇನಾ?"

"ಇಷ್ಟೇ ಸರ್. ಆಫ್ರಿಕಾದ ಜಾತಿ, ಇದಕ್ಕಿಂತ ಹೆಚ್ಚು ಬೆಳೆಯುವುದಿಲ್ಲ. ಹೆಬ್ಬಾವು ಅಂದ ಕೂಡ್ಲೆ ಜನಕ್ಕೆ ಆಡು ನುಂಗುವುದೇ ನೆನಪಾಗ್ತದೆ. ಇದು ಇಲಿ ನೋಡಿದ್ರೂ ಒಮ್ಮೊಮ್ಮೆ ಹಿಂದೆ ಹೋಗ್ತದೆ."

"ಕಚ್ಚುವುದಿಲ್ವಾ?"

"ಹೆದರಿದ್ರೆ ಉಂಡೆ ಆಗ್ತದೆ. ತಲೆಯನ್ನು ನಡುವೆ ಅಡಗಿಸಿ ಮೈಯೆಲ್ಲ ಸುತ್ತಿಕೊಳ್ತದೆ, ಚೆಂಡಿನ ಹಾಗೆ. ಆಗ ನೆಲದಲ್ಲಿ ಉರುಳಿಸಿದ್ರೂ ಬಿಚ್ಚಿಕೊಳ್ಳುವುದಿಲ್ಲ. ಅದಕ್ಕೇ ಆ ಹೆಸರು ಇಟ್ಟದ್ದು."

"ಬುಸುಗುಟ್ಟುವುದು?"

ಶ್ರವಣ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಕ್ಯಾಮಿಲಸ್ ಅದನ್ನು ಗಮನಿಸಿದ.

"ಬುಸುಗುಟ್ತದೆ ಸರ್. ತಂದ ಹೊಸತರಲ್ಲಿ ಮಾಡಿತ್ತು. ಕುತ್ತಿಗೆ ಹಿಂದಕ್ಕೆ ಬಾಗಿಸಿ, ಮೈ ಉಬ್ಬಿಸಿ, ಒಂದೇ ಸಲಕ್ಕೆ ಗಾಳಿ ಬಿಡ್ತದೆ. ಟಯರಿನ ಗಾಳಿ ಬಿಟ್ಟ ಹಾಗೆ."

"ಒಳಗೆ ಎಳ್ಕೊಳ್ಳುವಾಗ?"

"ಎಂತದು?"

"ಗಾಳಿ ಒಳಗೆ ಎಳ್ಕೊಳ್ಳುವಾಗಲೂ ಸದ್ದು ಬರ್ತದಾ?"

"ಕೇಳುವಷ್ಟು ಬರುವುದಿಲ್ಲ. ಹೆದರಿಸ್ಲಿಕ್ಕೆ ಗಾಳಿ ಬಿಡುವುದಲ್ವಾ, ಎಳ್ಕೊಂಡು ಯಾರನ್ನು ಹೆದರಿಸುವುದು?"

ಇಬ್ಬರೂ ಮಾತು ನಿಲ್ಲಿಸಿದರು. ಆಗ ಪೆಟ್ಟಿಗೆಯೊಳಗಿನ ಸದ್ದು ಕೇಳಿಸಿತು. ತೀರ ಸಣ್ಣದು. ಒದ್ದೆ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಂತೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಕ್ಯಾಮಿಲಸ್ ಬಗ್ಗಿ ಒಂದು ಬೆರಳನ್ನು ಹಾವಿನ ಬೆನ್ನ ಮೇಲಿಟ್ಟ. ಅದು ಸುತ್ತಿಕೊಳ್ಳಲಿಲ್ಲ. ತಲೆ ಅಡಗಿಸಲಿಲ್ಲ. ಬಾಯಿ ಗೆರೆಯಷ್ಟು ತೆರೆದು, ತಲೆಯನ್ನು ಮೇಲೆತ್ತಿ, ಉಗ್ರಾಣದ ಛಾವಣಿಯ ಕಡೆ ಮೂಗು ಮಾಡಿತು. ತುಟಿಯ ಅಂಚಿನಲ್ಲಿ ಒಂದು ಗುಳ್ಳೆ ಮೂಡಿ ಒಡೆಯಿತು.

"ಯಾವಾಗಿನಿಂದ ಹೀಗೆ?"

"ಶನಿವಾರದಿಂದ. ಇಲ್ಲಿ ಎಸಿಗೆ ಶೀತ ಆಗಿರ್ಬೇಕು ಅಂದುಕೊಂಡೆ. ಡಾಕ್ಟರಿಗೆ ತೋರಿಸ್ಲಿಕ್ಕೆ ಆಗ್ತದಾ ನನಗೆ ಈಗ?"

"ಇಲ್ಲಿಗೆ ತಂದ ಮೇಲೆ ಶುರುವಾದದ್ದಾ, ಮನೆಯಲ್ಲೇ ಇತ್ತಾ?"

ಶ್ರವಣ್ ಯೋಚಿಸಿದ. "ಮನೆಯಲ್ಲೇ ಇತ್ತು. ಎತ್ತಿಕೊಂಡಾಗಲೇ ಹಗ್ಗದ ಹಾಗೆ ಜೋತುಬಿತ್ತು."

"ಗುರುವಾರ?"

"ಗುರುವಾರ ರಾತ್ರಿ ಪೆಟ್ಟಿಗೆ ಕ್ಲೀನ್ ಮಾಡುವಾಗ ಉಂಡೆ ಆಗಿತ್ತು. ಮೂಗಿನ ತುದಿಯೂ ಕಾಣ್ತಿರ್ಲಿಲ್ಲ."

"ಶನಿವಾರ ಅದು ಸಿಕ್ಕಿದ್ದೆಲ್ಲಿ? ಭಾವನ ಹತ್ತಿರವಾ?"

"ಅಲ್ಲ ಸರ್, ಅದನ್ನೇ ನಾನು ಹೇಳುವುದು, ಯಾರೂ ಕೇಳುವುದಿಲ್ಲ. ಹಾಲ್ ದಾಟಿ ಆ ಕಡೆ ಇತ್ತು. ಬಾಲ್ಕನಿ ಬಾಗಿಲಿನ ಅಡಿಯಲ್ಲಿ ಸಂದಿ ಉಂಟಲ್ಲ, ಅಲ್ಲಿಗೆ ಮೂಗು ಇಟ್ಟು ಮಲಗಿತ್ತು. ಹೇಗೆ ಮುಚ್ಚಳ ನೂಕಿ ಬಂತೋ ಗೊತ್ತಿಲ್ಲ. ಎರಡು ವರ್ಷದಲ್ಲಿ ಒಮ್ಮೆಯೂ ಬಂದದ್ದಿಲ್ಲ."

ಮನುಷ್ಯನನ್ನು ಹೆದರಿಸಲು ಹೊರಟ ಪ್ರಾಣಿ ಮನುಷ್ಯನಿಂದ ಸಾಧ್ಯವಾದಷ್ಟು ದೂರ ಹೋಗಿ, ಬಾಗಿಲಿನ ಸಂದಿಗೆ ಮೂಗು ಒತ್ತಿತ್ತು.

ಕ್ಯಾಮಿಲಸ್ ಫೋನ್ ತೆಗೆದು ಪೆಟ್ಟಿಗೆಯ ಅಂಚಿನಲ್ಲಿಟ್ಟ. ಮೆಸೇಜ್ ಹಾಕಿದ. ಸರ್ವೋತ್ತಮನ ಫ್ಲ್ಯಾಟಿನ ಸದ್ದು ಉಗ್ರಾಣವನ್ನು ತುಂಬಿತು. ಅದರ ಅಡಿಯಲ್ಲಿ, ಅದಕ್ಕಿಂತ ಸಣ್ಣದಾಗಿ, ಹಾವಿನ ಸದ್ದು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಒಂದು ದೊಡ್ಡದು, ಒಂದು ಚಿಕ್ಕದು ಅನ್ನುವುದಷ್ಟೇ ವ್ಯತ್ಯಾಸ.

ಶ್ರವಣ್ ಫೋನನ್ನೇ ನೋಡುತ್ತಿದ್ದ. ಅವನಿಗೆ ನಿಧಾನವಾಗಿ ಅರ್ಥವಾಗುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ನೋಡಬಾರದೆಂದು ಕ್ಯಾಮಿಲಸ್ ಕಾರ್ಪೆಟ್‌ಗಳ ಕಡೆ ತಿರುಗಿದ.

"ಆಫ್ ಮಾಡಿ ಸರ್."

"ಯಾರದ್ದು ಆ ಸದ್ದು?"

"ಭಾವಂದು." ಶ್ರವಣ್ ಪೆಟ್ಟಿಗೆಯ ಅಂಚಿನಿಂದ ಫೋನ್ ಎತ್ತಿ ತಾನೇ ಆರಿಸಿದ. "ಫೋನಿನಲ್ಲಿ ಎಂತದೋ ಹೇಳ್ಲಿಕ್ಕೆ ನೋಡಿದ್ದಾರೆ. ಉಸಿರು ಸಿಕ್ಲಿಲ್ಲ. ನಾವೆಲ್ಲ ಅದನ್ನು ಹಾವು ಹಾವು ಅಂತ..."

"ಇಬ್ಬರಿಗೂ ಒಂದೇ ಆಗಿದೆ ಶ್ರವಣ್. ಒಂದೇ ಮನೆಯ ಗಾಳಿ. ನಿನ್ನ ಕೋಣೆ ದೂರ ಇತ್ತು, ಇದು ಉಳಿಯಿತು. ಬೆಡ್‌ರೂಮಿನಲ್ಲಿ ಎಂತ ಇತ್ತು ಆ ದಿನ? ಸ್ಪ್ರೇ ಏನಾದ್ರೂ ಹೊಡೆದಿದ್ರಾ?"

"ಸ್ಪ್ರೇ ಇಲ್ಲ. ವಾಸನೆ ಇತ್ತು ಸರ್. ಬೆಳ್ಳುಳ್ಳಿ ಹಾಳಾದ ಹಾಗೆ. ಭಾವ ಏನೋ ಅಡಿಗೆ ಮಾಡಲು ಹೋಗಿದ್ದಾರೆ ಅಂದುಕೊಂಡೆ. ಮಂಚದ ಅಡಿಯಲ್ಲಿ ಬೂದಿಯೂ ಇತ್ತು. ಅಗರಬತ್ತಿದು ಇರ್ಬೇಕು. ಅಕ್ಕ ಬಂದು ಗುಡಿಸಿದಳು."

"ಮಂಚದ ಅಡಿಯಲ್ಲಿ ಯಾರು ಅಗರಬತ್ತಿ ಹಚ್ತಾರೆ?"

ಅಷ್ಟರಲ್ಲಿ ಮೊಯ್ದಿನಬ್ಬ ಸುಲೈಮಾನಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಪೆಟ್ಟಿಗೆ ತೆರೆದಿರುವುದನ್ನು ಕಂಡು ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ.

"ಬೂದಿಯಾ? ಅದು ತಿಗಣೆ ಮಾತ್ರೆಯದ್ದು ಪೊರ್ಬುಗಳೇ. ಬೂದಿ ಆಯ್ತು ಅಂದ್ರೆ ಕೆಲಸ ಮಾಡಿತು ಅಂತ ಲೆಕ್ಕ. ಹರಿಣಾಕ್ಷಿ ಆ ಶುಕ್ರವಾರ ಇಲ್ಲಿಗೆ ಕಾರ್ಪೆಟ್ ನೋಡ್ಲಿಕ್ಕೆ ಬಂದಿದ್ಳಲ್ಲ, ಅವಳೇ ಹೇಳಿದ್ಳು. ಹಳೇ ಕಾರ್ಪೆಟ್ಟಿನಲ್ಲಿ ತಿಗಣೆ, ಬಿಸಾಡಿದೆ, ಮಂಚದ ಅಡಿಗೆ ಮಾತ್ರೆ ಇಟ್ಟು ಬಂದಿದ್ದೇನೆ ಅಂತ. ಊರಿನದ್ದು. ಇಲ್ಲಿ ಸಿಗುವುದು ತಿಗಣೆಗೆ ಪೆಪ್ಪರ್‌ಮಿಂಟ್ ಕೊಟ್ಟ ಹಾಗೆ."

ಕ್ಯಾಮಿಲಸ್‌ಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಊರಿನಿಂದ ಬರುವವರ ಸೂಟ್‌ಕೇಸಿನಲ್ಲಿ ಹಪ್ಪಳ, ಕುಚ್ಚಲಕ್ಕಿ, ಉಪ್ಪಿನಕಾಯಿಯ ಬಾಟಲಿಯ ನಡುವೆ ಗಾಳಿ ತಾಗಿದರೆ ವಿಷಾನಿಲ ಬಿಡುವ ಆ ಮಾತ್ರೆಗಳ ಸಣ್ಣ ಡಬ್ಬಿಯೂ ಬರುತ್ತದೆ. ಇಲ್ಲಿ ಅದನ್ನು ಮಾರುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಆದರೂ ಒಬ್ಬರು ಇನ್ನೊಬ್ಬರಿಗೆ ಕೊಡುತ್ತಾರೆ, ಮೊಸರಿಗೆ ಹೆಪ್ಪು ಕೊಟ್ಟಷ್ಟೇ ಸಲೀಸಾಗಿ. ಶುಕ್ರವಾರ ಬೆಳಿಗ್ಗೆ ಮಾತ್ರೆ ಇಟ್ಟು, ಬಾಗಿಲು ಮುಚ್ಚಿ, ಇಡೀ ಸಂಸಾರ ನೆಂಟರ ಮನೆಗೆ ಹೋಗಿಬಿಡುತ್ತದೆ. ಹಿಂತಿರುಗಿ ಬಂದು ಕಿಟಕಿ ತೆರೆದರೆ ಆಯಿತು. ಮನೆಯಲ್ಲಿ ಯಾರೂ ಇರದಿದ್ದರೆ ಆಯಿತು.

"ಬ್ಯಾರಿಗಳೇ, ಚಹಾ ಅಲ್ಲಿಟ್ಟು ಸ್ವಲ್ಪ ಹೊರಗಿರಿ."

ಮೊಯ್ದಿನಬ್ಬ ಇಬ್ಬರ ಮುಖವನ್ನೂ ನೋಡಿದ. ತಟ್ಟೆ ಇಟ್ಟು ಹೋದ.

ಶ್ರವಣ್ ಹಾವಿನ ಮೇಲೆ ದಿಂಬಿನ ಚೀಲವನ್ನು ಎಳೆದ. ಪೆಟ್ಟಿಗೆಗೆ ಮುಚ್ಚಳ ಹಾಕಿದ. ಎಷ್ಟು ನಿಧಾನವಾಗಿ ಹಾಕಿದನೆಂದರೆ, ಆ ಹೊತ್ತಿನಲ್ಲಿ ಅವನು ಏನನ್ನೋ ತೀರ್ಮಾನಿಸುತ್ತಿದ್ದಾನೆಂದು ಕ್ಯಾಮಿಲಸ್‌ಗೆ ತಿಳಿಯಿತು.

"ಮುಚ್ಚಳ ನಾನು ಸರಿಯಾಗಿ ಹಾಕಿರ್ಲಿಲ್ಲ ಸರ್."

"ಯಾವಾಗ?"

"ಗುರುವಾರ. ಕ್ಲೀನ್ ಮಾಡಿದ ಮೇಲೆ. ಹಾವು ಹೊರಗೆ ಬಂತು, ಮಂಚ ಹತ್ತಿತು, ಬುಸುಗುಟ್ಟಿತು. ಭಾವ ಹೆದರಿದ್ರು. ಖಲಾಸ್."

"ಇಷ್ಟು ದಿನ ಹಾವು ಮಾಡಿದ್ದಲ್ಲ ಅಂತ ಊರಿಡೀ ಹೇಳಿದವನು ನೀನು."

"ಹಾವು ಸಾಕುವವರು ಹಾಗೇ ಹೇಳುವುದು. ಈಗ ಸತ್ಯ ಹೇಳ್ತಿದ್ದೇನೆ. ಹಾಗೇ ಬರೀರಿ."

"ಜೈಲು ಶ್ರವಣ್. ಬರೇ ಫೈನ್ ಅಲ್ಲ. ಸಾಕಬಾರದ ಪ್ರಾಣಿ ಸಾಕಿ ಒಬ್ಬನ ಜೀವ ಹೋದದ್ದು ಅಂತ ಆಗ್ತದೆ."

"ಆಗ್ಲಿ."

"ಸತ್ತವನು ನಿನ್ನ ಭಾವ."

"ಇಟ್ಟದ್ದು ನನ್ನ ಅಕ್ಕ." ಅವನ ಸ್ವರ ಏರಲಿಲ್ಲ. "ಭಾವ ಆ ದಿನ ಗೋದಾಮಿನಲ್ಲಿ ಸ್ಟಾಕ್ ನೋಡ್ಲಿಕ್ಕೆ ರಾತ್ರಿ ಅಲ್ಲೇ ಇರ್ತೇನೆ ಅಂದಿದ್ರು. ಅದಕ್ಕೇ ಅವಳು ಇಟ್ಟದ್ದು. ಅವರು ಮನೆಗೆ ಬಂದದ್ದು ಅವಳಿಗೆ ಹೇಗೆ ಗೊತ್ತಾಗ್ಬೇಕು ಸರ್? ಗೊತ್ತಿಲ್ಲದೆ ಆದದ್ದು. ನೀವು ಹೋಗಿ ನಿನ್ನ ಕೈಯಿಂದಲೇ ಗಂಡ ಸತ್ತದ್ದು ಅಂತ ಹೇಳಿದ್ರೆ ಅವಳು ಉಳೀತಾಳಾ? ಅಶ್ಮಿತಾಳಿಗೆ ಅಪ್ಪ ಇಲ್ಲ. ಅಮ್ಮನನ್ನೂ ಇಲ್ಲದ ಹಾಗೆ ಮಾಡ್ಬೇಕಾ?"

ಕ್ಯಾಮಿಲಸ್ ಚಹಾದ ಲೋಟ ಎತ್ತಿಕೊಂಡ. ಕುಡಿಯಲಿಲ್ಲ. ಈ ಕೆಲಸದಲ್ಲಿ ಸುಳ್ಳು ಹೇಳಿದವರನ್ನು ಅವನು ಬೇಕಾದಷ್ಟು ನೋಡಿದ್ದ. ತಮ್ಮನ್ನು ಉಳಿಸಿಕೊಳ್ಳಲು ಹೇಳುವವರು. ಅವರ ಮುಂದೆ ಹೇಗಿರಬೇಕೆಂದು ಗೊತ್ತಿತ್ತು. ಇವನ ಮುಂದೆ ಹೇಗಿರಬೇಕೆಂದು ತಿಳಿಯಲಿಲ್ಲ. ಗೊತ್ತಿಲ್ಲದೆ ಆದದ್ದು ಎಂಬುದನ್ನು ಠಾಣೆಯಲ್ಲಿ ವಿವರಿಸಬಹುದು, ಹರಿಣಾಕ್ಷಿಗೂ ಕಾನೂನಿನಲ್ಲಿ ಒಂದು ದಾರಿ ಇರಬಹುದು. ಅದನ್ನೆಲ್ಲ ಹೇಳುವುದಕ್ಕೆ ಹೊರಟ. ಹುಡುಗ ಕಣ್ಣು ಮುಚ್ಚಿ ಕುಳಿತಿದ್ದ. ಕ್ಯಾಮಿಲಸ್ ಲೋಟವನ್ನು ಕೆಳಗಿಟ್ಟು ಎದ್ದ.

"ನಾಳೆ ನಾನೇ ಬಂದು ಕರ್ಕೊಂಡು ಹೋಗ್ತೇನೆ. ಈಗ ಮಲಗು."

ಹೊರಗೆ ಬಿಸಿಲು ಬಂದರಿನ ಕ್ರೇನುಗಳ ಮೇಲೆ ಬಿಳಿಯಾಗಿ ಬಿದ್ದಿತ್ತು. ಮೊಯ್ದಿನಬ್ಬ ಅಂಗಡಿಯ ಮುಂದೆ ಸುತ್ತಿದ ಕಾರ್ಪೆಟ್ ಒಂದನ್ನು ಹೆಗಲಿಗೆ ಒರಗಿಸಿ ಕಾಯುತ್ತಿದ್ದ.

"ಇದನ್ನು ಕಾರಿಗೆ ಹಾಕ್ಲಾ? ಹರಿಣಾಕ್ಷಿಗೆ ಕೊಟ್ಟುಬಿಡಿ. ಆ ದಿನ ಆರಿಸಿ ಇಟ್ಟು ಹೋದದ್ದು, ಮತ್ತೆ ಈ ಗಲಾಟೆ. ಈಗ ಸಾವಿನ ಮನೆಗೆ ನಾನೇ ಹೊತ್ಕೊಂಡು ಹೋದ್ರೆ ಸರಿಯಾಗುವುದಿಲ್ಲ."

"ನಾನು ಹೊತ್ಕೊಂಡು ಹೋದ್ರೆ ಸರಿಯಾಗ್ತದಾ?"

"ನೀವು ಹೇಗೂ ಸಾವಿನ ಮನೆಗೆ ಹೋಗುವವರೇ ಅಲ್ವಾ." ಹೇಳಿದ ಮೇಲೆ ಮೊಯ್ದಿನಬ್ಬನಿಗೇ ಸಂಕೋಚವಾಯಿತು. ಕಾರ್ಪೆಟ್ಟನ್ನು ಗೋಡೆಗೆ ಒರಗಿಸಿದ. "ಪಾಪ ಪೊರ್ಬುಗಳೇ. ಆ ದಿನ ಗಂಡನ ಸ್ವರ ಕಡೆಯದಾಗಿ ಕೇಳಿದ್ದು ಅವಳು ನನ್ನ ಫೋನಿನಲ್ಲಿ. ನೆನಪಾದ್ರೆ ನನಗೆ ನಿದ್ರೆ ಬರುವುದಿಲ್ಲ."

ಕ್ಯಾಮಿಲಸ್ ಕಾರಿನ ಬಾಗಿಲಿನ ಮೇಲಿದ್ದ ಕೈ ತೆಗೆದ.

"ಯಾವ ಫೋನ್?"

"ಅವಳ ಫೋನಿನಲ್ಲಿ ಚಾರ್ಜ್ ಇರ್ಲಿಲ್ಲ. ಇಲ್ಲಿಗೆ ಬಂದಿದ್ದಾಳೆ ಅಂತ ಸರ್ವೋತ್ತಮನಿಗೆ ಗೊತ್ತಿತ್ತು, ನನಗೆ ಮಾಡಿದ. ಜುಮ್ಮಾ ನಮಾಜು ಮುಗಿಸಿ ಆಗಷ್ಟೇ ಅಂಗಡಿ ತೆರೆದಿದ್ದೆ. ಬ್ಯಾರಿಗಳೇ, ಜ್ವರ ಬಂತು, ಗೋದಾಮಿನಿಂದ ವಾಪಸ್ ಬಂದೆ, ಮನೆಯಲ್ಲಿ ಮಲಗಿದ್ದೇನೆ, ಹರಿಣಾಕ್ಷಿಗೆ ಕೊಡಿ ಅಂದ. ಕೊಟ್ಟೆ."

"ಅವಳು ಮಾತಾಡಿದ್ಳಾ?"

"ಮಾ‍ತಾಡಿದ್ಳು. ಹೆಚ್ಚಿಲ್ಲ. ಹೂಂ, ಹೂಂ, ಮಲಗಿ ಅಂದ್ಳು. ಫೋನ್ ನನ್ನ ಕೈಗೆ ಕೊಟ್ಟು ಆ ಕುರ್ಚಿಯಲ್ಲಿ ಕೂತಳು. ತುಂಬಾ ಹೊತ್ತು ಸುಮ್ಮನೆ ಕೂತಿದ್ಳು. ಹೊರಡ್ತೀಯಾ ಮಗಳೇ ಅಂತ ಕೇಳಿದೆ, ಗಂಡನಿಗೆ ಜ್ವರ ಅಲ್ವಾ."

"ಎಂತ ಹೇಳಿದ್ಳು?"

"ಇಲ್ಲ ಬ್ಯಾರಿಗಳೇ, ಅವಸರ ಇಲ್ಲ, ಆ ಕೆಂಪಿನದ್ದು ಬಿಚ್ಚಿ ತೋರಿಸಿ ಅಂದ್ಳು."

ಮೊಯ್ದಿನಬ್ಬನಿಗೆ ತಾನು ಏನು ಹೇಳಿದೆನೆಂದು ಗೊತ್ತಿರಲಿಲ್ಲ. ಗೋಡೆಗೆ ಒರಗಿಸಿದ ಕಾರ್ಪೆಟ್ಟಿನ ಧೂಳನ್ನು ಕೈಯಿಂದ ಒರೆಸುತ್ತಿದ್ದ. ಕ್ಯಾಮಿಲಸ್ ಅದನ್ನು ಕಾರಿಗೆ ಹಾಕಿಸಿಕೊಳ್ಳಲಿಲ್ಲ. ಹಿಂದೆ ತಿರುಗಿ ಉಗ್ರಾಣದ ಕಡೆ ನೋಡಿದ. ಒಳಗಿರುವ ಹುಡುಗನಿಗೆ ಇದು ತಿಳಿಯದು. ಏನೂ ತಿಳಿಯದವಳೆಂದು ನಂಬಿದ ಅಕ್ಕನಿಗಾಗಿ ಅವನು ನಾಳೆ ಜೈಲಿಗೆ ಹೋಗುವವನಿದ್ದ.

ಕಾರು ಹತ್ತಿ ಬಾಗಿಲು ಮುಚ್ಚಿದ್ದನಷ್ಟೇ, ಫೋನ್ ಬಂತು. ಹರಿಣಾಕ್ಷಿ.

"ಸರ್, ಶ್ರವಣ್ ಸಿಕ್ಕಿದನಾ?"

"ಸಿಕ್ಕಿದ."

"ಊಟ ಮಾಡಿದ್ದಾನಾ? ಬೆಳಿಗ್ಗೆ ಎಂತದೂ ತಿನ್ನುವುದಿಲ್ಲ ಅವನು, ಚಹಾದಲ್ಲೇ ಇರ್ತಾನೆ."

"ಮಾಡಿರ್ಬೇಕು."

ಆ ಕಡೆ ಟಿವಿಯಲ್ಲಿ ಯಾವುದೋ ಕಾರ್ಟೂನು ಓಡುತ್ತಿತ್ತು. ಮಮ್ಮಿ, ಹೂ ಈಸ್ ಇಟ್ ಎಂದು ಮಗಳು ಕೇಳಿದ್ದು, ಹರಿಣಾಕ್ಷಿ ಅವಳನ್ನು ಸುಮ್ಮನಿರಿಸಿದ್ದು ಕೇಳಿಸಿತು.

"ಹಾವೇ ಅಲ್ವಾ ಸರ್?"

"ಹಾವು ಅಂತ ಆದ್ರೆ ಅದನ್ನು ಸಾಕಿದವನು ಜೈಲಿಗೆ ಹೋಗ್ತಾನೆ ಹರಿಣಾಕ್ಷಿಯವರೇ."

"ಫೈನ್ ಹಾಕಿ ಬಿಡ್ತಾರೆ ಅಂತ ಎಲ್ಲರೂ ಹೇಳ್ತಿದ್ದಾರೆ."

"ಬಿಡುವುದಿಲ್ಲ. ನಾಳೆ ಅವನು ತಪ್ಪು ನನ್ನದು ಅಂತ ಹೇಳಿಕೆ ಕೊಡ್ತಾನಂತೆ. ನೀವು ಠಾಣೆಗೆ ಬರ್ತೀರಾ?"

ಅವಳು ಉಸಿರು ಬಿಟ್ಟದ್ದು, ಮತ್ತೆ ತೆಗೆದುಕೊಂಡದ್ದು ಕೇಳಿಸಿತು. ಕ್ಯಾಮಿಲಸ್ ಕಾದ. ಅವಳು ಈಗ ಹೇಳಬಹುದು ಎಂದುಕೊಂಡ. ಹೇಳಿದರೆ ಎಲ್ಲರಿಗೂ ಒಂದು ದಾರಿ ಉಳಿಯುತ್ತದೆ ಎಂದುಕೊಂಡ.

"ನಾನು ಬಂದು ಎಂತ ಹೇಳ್ಲಿಕ್ಕುಂಟು ಸರ್?" ಅವಳ ಸ್ವರ ಮೆತ್ತಗಿತ್ತು, ಅತ್ತು ಅತ್ತು ದಣಿದದ್ದು. "ನಾನು ಅಲ್ಲಿ ಇರ್ಲೇ ಇಲ್ಲವಲ್ಲ. ಅವರು ಮನೆಯಲ್ಲಿದ್ದಾರೆ ಅಂತಲೇ ನನಗೆ ಗೊತ್ತಿರ್ಲಿಲ್ಲ."

"ಸರಿ," ಎಂದ ಕ್ಯಾಮಿಲಸ್.

ನಿಮಗೆ ಗೊತ್ತಿತ್ತು ಎಂದು ಅವನು ಅವಳಿಗೆ ಹೇಳಲಿಲ್ಲ.